ಗಂಗೆದೊಗಲಿನ ಗುರುತು

ಗುರುಪ್ರಕಾಶನಿಗೆ ಸೊರಬದಲ್ಲಿ ಸನ್ಮಾನ ಮಾಡುತ್ತಾರೆ ಎಂಬ ಸುದ್ದಿ ನನಗೆ ಮುಟ್ಟಿದ್ದು ನನ್ನ ಗಿರಣಿಯಲ್ಲಿ, ಜೋಳ ಬೀಸಿಸಲು ಬಂದ ಬಂಗಾರಮ್ಮನ ಬಾಯಿಂದ. ಮೋಟಾರಿನ ಸದ್ದಿನ ಮೇಲೆ ಅವಳು ಕೂಗಿ ಹೇಳಿದಳು.

“ನೀಲಕ್ಕಾ, ನಿಮ್ಮ ವಾಣಿ ಜೊತಿಗೆ ಓದ್ತಿದ್ನಲ್ಲ ಸೊರಬದವನು, ಅವನಿಗೆ ಹಾರ ಹಾಕ್ತಾರಂತೆ. ಅದೇನೋ ಹುಳ ಕಂಡುಹಿಡಿದಾನಂತೆ. ಪೇಪರಿನಾಗೆ ಫೋಟೋ ಬಂದೈತಿ.”

ನಾನು ಸ್ವಿಚ್ಚು ಆರಿಸಿದೆ. ಅರ್ಧ ಬೀಸಿದ ಜೋಳ ಕಲ್ಲಿನೊಳಗೇ ನಿಂತಿತು.

“ಕಂಡುಹಿಡಿದಿಲ್ಲ. ಕದ್ದಾನ” ಎಂದೆ.

ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ತಂಗಿ ವಾಣಿಶ್ರೀ ತಲೆ ಎತ್ತಲಿಲ್ಲ. ಜರಡಿಯೂ ನಿಲ್ಲಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು. ಕದ್ದವನ ಮೇಲೆ ಒಂದು ಪಾಲು ಸಿಟ್ಟಾದರೆ, ಕಳಕೊಂಡು ಸುಮ್ಮನೆ ಕೂತವಳ ಮೇಲೆ ಎರಡು ಪಾಲು.

ನಾನು ತಾಳಗುಂದದ ಊರಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಗಂಡ ಲಾರಿ ಓಡಿಸಲು ಹೊರಟ ಮೇಲೆ ಶಿಕಾರಿಪುರದ ಈ ಗಿರಣಿ ನನ್ನ ಕೈಗೆ ಬಂತು. ವಾಣಿ ನನಗಿಂತ ಬಹಳ ಚಿಕ್ಕವಳು. ಅವ್ವ ಹೋದ ಮೇಲೆ ಅವಳನ್ನು ಓದಿಸಿದ್ದು ಈ ಗಿರಣಿಯೇ. ಅವಳು ಓದುತ್ತ ಓದುತ್ತ ಪುಣೆಯ ಒಂದು ದೊಡ್ಡ ಪ್ರಯೋಗಾಲಯ ಸೇರಿದಳು. ಅಲ್ಲಿ ಅವಳ ಕೆಲಸ ಹುಳ ಸಾಕುವುದು. ಎಳ್ಳುಕಾಳಿಗಿಂತ ಚಿಕ್ಕ ಹುಳ, ಮೈ ಗಾಜಿನಂತೆ ತಿಳಿ. ಗಾಜಿನ ತಟ್ಟೆಯಲ್ಲಿ ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿದ ಗಂಜಿ ಹಾಕಿ ಅದರ ಮೇಲೆ ಸಾಕುತ್ತಾರೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಒಂದೊಂದು ಜೀವಕೋಶವೂ ನಡೆದಾಡುವುದು ಕಾಣುತ್ತದಂತೆ.

“ನಡೆದಾಡ್ತಾವ?” ಎಂದು ನಾನು ನಕ್ಕಿದ್ದೆ.

“ಹೂಂ ಅಕ್ಕ. ಮರಿ ಬೆಳೀವಾಗ ಅದರ ಮೊಟ್ಟೆಚೀಲದ ತುದಿಗೆ ಒಂದು ಕೋಶ ಇರ್ತದ. ಅದೇ ಮುಂದಾಳು. ಹೊಟ್ಟೆ ಕಡಿಯಿಂದ ನೆಟ್ಟಗ ಹೋಗ್ತದ. ಒಂದು ಜಾಗ ಬಂದ ಕೂಡ್ಲೇ ಬೆನ್ನಿನ ಕಡಿಗೆ ಏರಿ, ತಿರುಗಿ, ಬಂದ ದಿಕ್ಕಿಗೇ ವಾಪಸ್ ಬರ್ತದ. ಅದು ಹೋದ ದಾರೀಲೇ ಚೀಲಾನೂ ಬೆಳೀತದ. ಎಲ್ಲಿ ತಿರುಗಬೇಕು ಅಂತ ಅದಕ್ಕೆ ಯಾರು ಹೇಳ್ತಾರ? ಅದನ್ನ ಹುಡುಕೋದೇ ನನ್ನ ಕೆಲಸ.”

“ಗಳೇವು ಹೊಡಿಯೋ ಎತ್ತು ಬದು ಬಂದಾಗ ಹೊಳ್ಳಿಕೊಂಡಂಗ.”

“ಅಷ್ಟೇ. ಎತ್ತಿಗಾದ್ರೆ ಹೊಡಿಯೋನು ಹೇಳ್ತಾನ. ಇದಕ್ಕೆ ಹುಟ್ಟಿನಿಂದ ಬಂದ ಜೀನು ಹೇಳ್ತದ.”

ವರ್ಷಗಟ್ಟಲೆ ತಟ್ಟೆ ಮೇಲೆ ತಟ್ಟೆ ನೋಡಿ ವಾಣಿ ಒಂದು ಹುಳದ ಸಂತಾನ ಹಿಡಿದಳು. ಆ ವಂಶದ ಹುಳಗಳಲ್ಲಿ ಮುಂದಾಳು ಕೋಶ ಬದು ಬಂದರೂ ಹೊರಳುತ್ತಿರಲಿಲ್ಲ; ನೆಟ್ಟಗೆ ಹೋಗುತ್ತಲೇ ಇರುತ್ತಿತ್ತು. ಹೇಳುವ ಜೀನು ಕೆಟ್ಟಿದೆ ಎಂದಾಯಿತು. ಕೆಟ್ಟದ್ದು ಯಾವುದೆಂದು ಗೊತ್ತಾದರೆ ಒಳ್ಳೆಯದೂ ಗೊತ್ತಾಗುತ್ತದೆ. ಅಂಥ ಹುಳ ಆಗ ಅವಳ ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅವಳಿಗೆ ಕಾಮಾಲೆ ಆಯಿತು. ಊರಿಗೆ ಬರುವಾಗ ತಟ್ಟೆಗಳನ್ನು ಗುರುಪ್ರಕಾಶನ ಕೈಗೆ ಕೊಟ್ಟು ಬಂದಳು. ಅವನು ಅದೇ ಪ್ರಯೋಗಾಲಯದವನು, ನಮ್ಮ ಪಕ್ಕದ ಸೊರಬ ತಾಲೂಕಿನವನು, ನಮ್ಮ ಜನ. ನನ್ನ ಮನೆಯಲ್ಲಿ ಕೂತು ರೊಟ್ಟಿ ಎಣ್ಣೆಗಾಯಿ ಉಂಡು, “ನೀಲಕ್ಕ, ನಿಮ್ಮ ಕೈರುಚಿಗೆ ಪುಣೆ ಪೂರ್ತಿ ಬರೆದುಕೊಡಬಹುದು” ಅಂದಿದ್ದ ಬಾಯಿ ಅದು. ಇವಳು ಹುಷಾರಾಗಿ ಹೋಗುವಷ್ಟರಲ್ಲಿ, “ನಿನ್ನ ಹುಳಕ್ಕೆ ಬೂಷ್ಟು ಹಿಡಿದು ಎಲ್ಲ ಸತ್ತವು” ಎಂದ. ಮರುತಿಂಗಳೇ ಅವನ ತಟ್ಟೆಯಲ್ಲಿ ಅಂಥದೇ ಹುಳ ‘ಹೊಸದಾಗಿ’ ಸಿಕ್ಕಿತು. ವಾಣಿ ಕೇಳಿದ್ದಕ್ಕೆ, ತನ್ನ ಹುಳ ಸಾಯಿಸಿಕೊಂಡು ಇನ್ನೊಬ್ಬರದ್ದಕ್ಕೆ ಆಸೆಪಡುವವಳು ಎಂಬ ಹೆಸರು ಬಂತು. ಅವರ ಪ್ರೊಫೆಸರರೂ ಅವನನ್ನೇ ನಂಬಿದರು. ಅವಳು ಪೆಟ್ಟಿಗೆ ಕಟ್ಟಿಕೊಂಡು ಬಂದಳು. ಆವತ್ತಿನಿಂದ ಬೆಳಿಗ್ಗೆ ಜರಡಿ, ಸಂಜೆ ಹೈಸ್ಕೂಲು ಮಕ್ಕಳಿಗೆ ಪಾಠ.

ಬಂಗಾರಮ್ಮನ ಹಿಟ್ಟು ಬೀಸಿ ಕಳಿಸಿ, ನಾನು ಕಾಲಲ್ಲಿದ್ದ ಚಪ್ಪಲಿ ಕೈಗೆ ತಗೊಂಡು ವಾಣಿಯ ಮುಂದೆ ಹಿಡಿದೆ.

“ನೋಡಿಲ್ಲಿ. ಇದಕ್ಕೆ ಇವತ್ತೇ ಹೊಸ ಅಟ್ಟೆ ಹೊಲಿಸ್ತೀನಿ. ಸೊರಬದ ಸ್ಟೇಜಿನ ಮ್ಯಾಲೆ, ಅವನ ಎರಡೂ ಕೆನ್ನಿಗೆ. ಹಾರ ಅವರು ಹಾಕ್ಲಿ, ಇದನ್ನ ನಾನು ಹಾಕ್ತೀನಿ.”

“ಅಕ್ಕ, ಅಪ್ಪನ ಎತ್ತು ನೆನಪೈತೇನು?” ಎಂದಳು ವಾಣಿ, ಜರಡಿ ಕೊಡವುತ್ತ.

ಯಾರಿಗೆ ನೆನಪಿಲ್ಲ? ನಮ್ಮಪ್ಪ ವೀರಬಸಪ್ಪ ದನಗಳಿಗೆ ಎರಡು ಗುರುತು ಹಾಕುತ್ತಿದ್ದ. ಎಲ್ಲರಂತೆ ಕಿವಿಗೊಂದು ಕಚ್ಚು, ಅದು ಮರ್ಯಾದಸ್ಥರಿಗೆ. ಇನ್ನೊಂದು ಕಳ್ಳರಿಗೆ: ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಯೊಳಗೆ ಕಾದ ಕಡ್ಡಿಯಿಂದ ಒಂದು ಚುಕ್ಕೆ. ಅದನ್ನು ಅವ್ವನಿಗೂ ಹೇಳಿರಲಿಲ್ಲ. ಒಮ್ಮೆ ನಮ್ಮ ಬಲಗಡೆಯ ಎತ್ತು ಕಳುವಾಗಿ ದನದ ಸಂತೆಯಲ್ಲಿ ಸಿಕ್ಕಿತು. ಕಿವಿಯ ಕಚ್ಚನ್ನು ಕಳ್ಳ ಇನ್ನೂ ಅಗಲ ಕತ್ತರಿಸಿ ಅಳಿಸಿದ್ದ. ಅಪ್ಪ ಕೂಗಾಡಲಿಲ್ಲ. ಸುತ್ತ ಜನ ಸೇರುವವರೆಗೆ ಕಾದ. “ಇದು ನಿನ್ನ ಎತ್ತೇನಪ್ಪಾ? ನಿನ್ನ ಕೊಟ್ಟಿಗೇಲೆ ಹುಟ್ಟಿದ್ದಾ?” ಎಂದು ಕೇಳಿದ. ಕಳ್ಳ ಮನೆದೇವರ ಮೇಲೆ ಆಣೆಯಿಟ್ಟ. ಆಮೇಲೆ ಅಪ್ಪ ದೊಗಲು ಎತ್ತಿ ತೋರಿಸಿದ. ಅಷ್ಟಕ್ಕೇ ಬಿಡಲಿಲ್ಲ. ಕದ್ದವನೇ ಆ ಎತ್ತನ್ನು ಊರೂರಿನ ಮೇಲೆ ಹೊಡೆದುಕೊಂಡು ತಾಳಗುಂದಕ್ಕೆ ತಂದು, ನಮ್ಮ ಕೊಟ್ಟಿಗೆಯ ಗೂಟಕ್ಕೆ ಕಟ್ಟಿ ಹೋಗಬೇಕಾಯಿತು. ಮೊದಲು ಆಣೆ, ಆಮೇಲೆ ದೊಗಲು, ಕೊನೆಗೆ ಗೂಟ. ಅಪ್ಪನ ಪದ್ಧತಿ ಅದು.

“ನನ್ನ ಹುಳಕ್ಕೂ ದೊಗಲೈತಿ” ಎಂದಳು ವಾಣಿ.

ನಾನು ಚಪ್ಪಲಿ ಕೆಳಗೆ ಬಿಟ್ಟೆ.

“ಆ ಜೀನಿನ ಪಕ್ಕಕ್ಕೇ, ಅದೇ ದಾರದಾಗೆ ಮಣಿ ಪೋಣಿಸಿದಂಗೆ, ಇನ್ನೊಂದು ಕೆಟ್ಟ ಜೀನು ಸೇರಿಸಿದ್ದೆ. ಎಷ್ಟು ಹತ್ರ ಅಂದ್ರೆ, ಒಂದು ಎಳೆದ್ರೆ ಇನ್ನೊಂದೂ ಬರ್ತದ. ತಂಪಿನಾಗೆ ಇದ್ರೆ ಆ ಗುರುತು ಕಾಣಾದಿಲ್ಲ. ಅಲ್ಲಿ ಎಲ್ಲರೂ ಹುಳಾನ ತಂಪು ಪೆಟ್ಟಿಗೇಲೇ ಇಡೋದು. ಮೊಟ್ಟೆಯಿಂದ ಬೆಚ್ಚಗೆ ಬೆಳೆಸಿದ್ರೆ ಮಾತ್ರ ಆ ಮರಿಗಳು ನೆಟ್ಟಗೆ ಹರಿಯಲ್ಲ. ಬಲಕ್ಕೆ, ಒಂದೇ ಜಾಗದಾಗೆ, ಬೀಸೋಕಲ್ಲಿನಂಗೆ ಸುತ್ತುತಾವ.”

“ನಿಮ್ಮ ಪ್ರೊಫೆಸರಿಗೆ ಗೊತ್ತೇನು?”

“ಗುರುತು ಹಾಕಿದ ಕೂಡ್ಲೇ ಬರೆದು ಇಡೋದು ಅಲ್ಲಿಯ ನಿಯಮ. ನಾನು ಇಡಲಿಲ್ಲ. ಅಪ್ಪ ದೊಗಲಿನ ಚುಕ್ಕಿ ಅವ್ವಗಾದ್ರೂ ಹೇಳಿದ್ನೇನು?”

ನನಗೆ ಮೈ ಉರಿಯಿತು. “ಹಾಳಾದವಳೇ, ಆವತ್ತೇ ಒದರಿದ್ರೆ ಮುಗೀತಿತ್ತಲ್ಲ! ಇಷ್ಟು ದಿನ ಜರಡಿ ಹಿಡಕೊಂಡು ಕುಂತೀಯಲ್ಲ!”

“ಒದರಿದ್ರೆ ಮಧ್ಯಾಹ್ನದೊಳಗೆ ತಟ್ಟೆ ಎಲ್ಲ ಕುದಿನೀರಿಗೆ ಹಾಕ್ತಿದ್ದ. ಈಗ ಆಗಲ್ಲ. ಈಗ ಅವನ ಪ್ರಬಂಧ ಅಚ್ಚಾಗೈತಿ, ಈ ಹುಳ ನಂದೇ ಅಂತ ಜಗತ್ತಿಗೆಲ್ಲ ಹೇಳ್ಯಾನ. ಅಚ್ಚಾದ ಮ್ಯಾಲೆ ಯಾರು ಕೇಳಿದ್ರೂ ಹುಳ ಕೊಡಬೇಕು, ಅದು ಈ ಕೆಲಸದಾಗಿರೋರ ಪದ್ಧತಿ. ಆದ್ರೆ ನಾನು ಕಾಗದ ಬರೆದು ಕೇಳಿದ್ರೆ ಅನುಮಾನ ಬಂದು ಬೇರೆ ಹುಳ ಕಳಿಸ್ಯಾನು. ಅವನ ಕೈಯಾಗೆ ಇದ್ದದ್ದನ್ನ, ಪ್ರೊಫೆಸರ ಮುಂದೆ, ನಾಲ್ಕು ಜನರ ಎದುರಿಗೆ ತಗೋಬೇಕು.”

“ನಂಗ್ಯಾಕೆ ಹೇಳಲಿಲ್ಲ?”

“ನಿಂಗೆ ಹೇಳಿದ್ರೆ ಹಿಟ್ಟಿನ ಜೊತಿಗೆ ಊರಿಗೆಲ್ಲ ಹಂಚ್ತಿದ್ದಿ.”

ಅದು ನಿಜ.

ಮರುದಿನ ನಾನು ಸೊರಬದ ಬಸ್ಸು ಹತ್ತಿದೆ. ನನಗೆ ವಾಣಿ ಎರಡು ಕೆಲಸ ಹೇಳಿದ್ದಳು: ಅವನು ಹುಳ ತರುವಂತೆ ಮಾಡುವುದು, ಸಿಟ್ಟು ಮಾಡದಿರುವುದು. ಮೊದಲನೆಯದು ಸುಲಭ.

ಗುರುಪ್ರಕಾಶನ ತಾಯಿ ರಾಜೇಶ್ವರಮ್ಮ ಜಗಲಿಯಲ್ಲೇ ಸಿಕ್ಕಿದರು.

“ಅಯ್ಯೋ ಬನ್ನಿ ಬನ್ನಿ, ಎಂಥ ಅಪರೂಪ ಮಾರಾಯ್ರೆ! ಸುದ್ದಿ ಗೊತ್ತಾಯ್ತಲ್ದಾ? ಕಾರ್ಯಕ್ರಮ ಡಿಸೆಂಬರಿನಲ್ಲಿ. ಅವನ ಪ್ರೊಫೆಸರ್ರೂ ಬರ್ತಿದಾರೆ, ಧಾರವಾಡದ ಕಡೆಯೋರು. ಬಳ್ಳಿಗಾವಿ ದೇವಸ್ಥಾನ ನೋಡ್ಬೇಕಂತೆ, ನಾಲ್ಕು ದಿನ ಇರ್ತಾರೆ.” ಕಾಫಿ ಕೊಟ್ಟು ಎದುರಿಗೆ ಕೂತರು. “ನಿಮ್ಮ ತಂಗಿ ಹೇಗಿದಾಳೆ? ಪಾಪ. ಹುಳ ಸಾಕಲಿಕ್ಕೂ ಪುಣ್ಯ ಬೇಕು ನೋಡಿ. ಪ್ರಕಾಶ ಆವಾಗ್ಲೇ ಹೇಳ್ತಿದ್ದ, ಅಮ್ಮಾ, ಆ ಹುಡುಗಿಗೆ ಗಮನ ಸಾಲ್ದು ಅಂತ.”

ಕಾಫಿ ಬಿಸಿ ಇತ್ತು. ಅದನ್ನು ಎಲ್ಲಿಗೆ ಎರಚಬೇಕು ಎಂದು ಕೈಗೆ ಚೆನ್ನಾಗಿ ಗೊತ್ತಿತ್ತು. ಕುಡಿದೆ. ನಾಲಿಗೆ ಸುಟ್ಟಿತು.

“ಹೌದ್ರೀ, ಪುಣ್ಯ ಬೇಕು” ಎಂದೆ. “ಅದಕ್ಕೇ ಬಂದೆ. ಬರೇ ಭಾಷಣ ಇಟ್ಟುಕೊಂಡೀರಂತೆ?”

“ಮತ್ತೆಂಥ ಇಡೋದು?”

“ಏನ್ರೀ ರಾಜೇಶ್ವರಮ್ಮ! ಹೋರಿ ಹಬ್ಬದಾಗೆ ಗೆದ್ದವನು ಹೋರಿ ಮನೇಲಿ ಬಿಟ್ಟು ಬರೇ ಹಗ್ಗ ಹಿಡಕೊಂಡು ಮೆರವಣಿಗಿ ಹೋಗ್ತಾನೇನ್ರೀ? ಹುಳ ತರಲಿ. ಅದನ್ನ ನೋಡೋ ಮಿಷನ್ನು ಕಾಲೇಜಿನಾಗೈತಿ. ಜನ ಕಣ್ಣಾರೆ ನೋಡ್ಲಿ. ಇಲ್ದಿದ್ರೆ ಯಾರಾದ್ರೂ ಅಂತಾರೆ, ಹುಳಾನೂ ಇಲ್ಲ, ಹುಪ್ಪಟಾನೂ ಇಲ್ಲ, ಬರೇ ಗಾಳಿ ಅಂತ.”

“ಯಾರು ಅಂತಾರೆ?” ಎಂದು ಆಕೆ ನೆಟ್ಟಗೆ ಕೂತರು.

“ಹೊಟ್ಟೆಕಿಚ್ಚಿನ ಜನಕ್ಕೆ ಬರವೇನ್ರಿ?”

ಆವತ್ತೇ ಸಂಜೆ ಆಕೆ ಬೂತಿನಿಂದ ಮಗನಿಗೆ ಫೋನು ಮಾಡಿದರು. ನಾನು ಹೊರಡುವಾಗ ಕುಂಕುಮ ಕೊಟ್ಟು, “ನೀವು ಎಷ್ಟು ದೊಡ್ಡ ಮನಸ್ಸಿನೋರು! ಆರತಿಗೆ ನೀವೇ ಬರಬೇಕು” ಎಂದರು. ಒಪ್ಪಿಕೊಂಡೆ.

ಸನ್ಮಾನ ಒಂದು ಭಾನುವಾರ ಬೆಳಿಗ್ಗೆ. ಚಳಿಗೆ ಜನ ಶಾಲು ಹೊದ್ದು ಸಭಾಭವನ ತುಂಬಿದ್ದರು. ವೇದಿಕೆಯ ಮೇಲೆ ಗುರುಪ್ರಕಾಶ, ಪಕ್ಕದಲ್ಲಿ ಬಿಳಿ ಮೀಸೆಯ ಪ್ರೊಫೆಸರು, ಮುಂದೆ ಮೇಜಿನ ಮೇಲೆ ಸೂಕ್ಷ್ಮದರ್ಶಕ. ಅದರ ಹತ್ತಿರ ಅಗಲ ಬಾಯಿಯ ಒಂದು ಥರ್ಮಾಸು. ನಾನು ಆರತಿ ತಟ್ಟೆ ಹಿಡಿದು ಬದಿಗೆ ನಿಂತಿದ್ದೆ. ವಾಣಿ ಕೊನೆಯ ಸಾಲಿನಲ್ಲಿ ಹೆಂಗಸರ ನಡುವೆ ಕೂತಿದ್ದಳು.

ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಹೊಟ್ಟೆಯ ಬದಿಯಿಂದ ಹೊರಟ ಕೋಶ, ಏರುವ ಜಾಗ, ತಿರುಗಿ ಬರುವುದು, ಎಲ್ಲ. ನಡುವೆ, “ಹೊಲ ಉಳುವ ಎತ್ತು ಬದುವಿನ ಹತ್ತಿರ ಹೊರಳುವ ಹಾಗೆ” ಎಂದ. ಜನ ಚಪ್ಪಾಳೆ ತಟ್ಟಿದರು. ಆ ಮಾತು ನನ್ನದು. ನಾನು ವಾಣಿಗೆ ಹೇಳಿದ್ದನ್ನು ಅವಳು ಅವನಿಗೆ ಹೇಳಿರಬೇಕು. ಹುಳ ಸಾಲದೆಂದು ಎತ್ತನ್ನೂ ಹೊಡೆದಿದ್ದ. ಆರತಿ ತಟ್ಟೆ ಹಿಡಿದೇ ಒಂದು ಹೆಜ್ಜೆ ಮುಂದಿಟ್ಟೆ. ಕೊನೆಯ ಸಾಲಿನಿಂದ ವಾಣಿ ತಲೆ ಅಲ್ಲಾಡಿಸಿದಳು: ಇನ್ನೂ ಇಲ್ಲ.

ಥರ್ಮಾಸಿನಿಂದ ಅವನು ತಟ್ಟೆಗಳನ್ನು ತೆಗೆದ. ಅಂಗೈಯಗಲದವು, ಮುಚ್ಚಳ ಇದ್ದವು. “ಇದು ಸಾದಾ ಹುಳ. ಇದು ನನ್ನದು” ಎಂದು ಬೇರೆ ಬೇರೆ ಇಟ್ಟ. ಜನ ಸಾಲುಗಟ್ಟಿ ಬಗ್ಗಿ ನೋಡಿ ಹೋದರು. ಕಡೆಗೆ ಆರತಿ ಎಂದು ನನ್ನನ್ನು ಕರೆದರು. ನಾನು ಬೆಳಗಿದೆ, ತಟ್ಟೆ ಕೆಳಗಿಟ್ಟೆ, ಮೈಕಿನ ಹತ್ತಿರ ಹೋದೆ.

“ತಮ್ಮಾ, ನಾನು ಹಿಟ್ಟು ಬೀಸೋಳು, ನಂಗೆ ತಿಳಿಯಂಗಿಲ್ಲ. ಒಂದು ಮಾತು ಕೇಳ್ಲೇನು?”

“ಕೇಳಿ ನೀಲಕ್ಕ” ಎಂದು ಅವನು ನಕ್ಕ.

“ಈ ಹುಳ ನಿಂಗೆ ಯಾರಾದ್ರೂ ಕೊಟ್ಟಿದ್ದಾ? ಇಲ್ಲಾ ನಿನ್ನ ತಟ್ಟೇಲೇ ಹುಟ್ಟಿದ್ದಾ?”

ಅವನ ನಗು ಒಂದು ಗಳಿಗೆ ನಿಂತು ಮತ್ತೆ ಬಂತು. ಜನರ ಕಡೆ ನೋಡಿದ. “ನನ್ನ ತಟ್ಟೆಯಲ್ಲೇ. ಮೊದಲಿನಿಂದ ಕೊನೆತನಕ ನನ್ನ ಕೈಯಲ್ಲೇ ಬೆಳೆದದ್ದು.”

“ಬ್ಯಾರೆ ಯಾರದ್ದೂ ಬೆರೆತಿಲ್ಲ?”

“ಇಲ್ಲ.”

“ಮನೆದೇವ್ರಾಣೆ?”

ಸಭೆಯಲ್ಲಿ ನಗು ಎದ್ದಿತು. ಮುಂದಿನ ಸಾಲಿನಿಂದ ರಾಜೇಶ್ವರಮ್ಮ, “ಹೇಳೋ ಪ್ರಕಾಶ, ಹೇಳು, ಹೆದರಿಕೆ ಎಂಥದು” ಎಂದರು. ಅವನು ಎದೆಯ ಮೇಲೆ ಕೈ ಇಟ್ಟು ಮೈಕಿನಲ್ಲಿ, “ಮನೆದೇವರಾಣೆ” ಎಂದ.

“ವಾಣೀ,” ಎಂದು ನಾನು ಕೂಗಿದೆ, ಮೈಕು ಬೇಕಿರಲಿಲ್ಲ, “ದೊಗಲು ಎತ್ತು ಬಾ!”

ಅವಳು ಎದ್ದು ನಡುದಾರಿಯಲ್ಲಿ ನಡೆದು ಬಂದಳು. ಅವಸರ ಮಾಡಲಿಲ್ಲ. ಗುರುಪ್ರಕಾಶನ ಕೈ ಹುಳದ ತಟ್ಟೆಯ ಕಡೆ ಹೋಯಿತು. ನನ್ನ ಕೈ ಮೊದಲು ಹೋಯಿತು. ದಿನಾ ಜೋಳದ ಚೀಲ ಎತ್ತುವ ಕೈ. ತಟ್ಟೆಯನ್ನು ಎದೆಗೆ ಅವಚಿಕೊಂಡೆ.

ವಾಣಿ ಅವನ ಕಡೆ ನೋಡಲೇ ಇಲ್ಲ. ಪ್ರೊಫೆಸರಿಗೆ ಕೈಮುಗಿದು ಹೇಳಿದಳು: “ಸರ್, ಈ ತಟ್ಟೆ ನಿಮ್ಮ ವಶಕ್ಕೆ ತಗೊಳ್ಳಿ. ಇದರ ಮೊಟ್ಟೆಗಳನ್ನ ಬೆಚ್ಚಗೆ ಬೆಳೆಸಿ. ಪಕ್ಕದಲ್ಲಿ ಸಾದಾ ಹುಳದ್ದನ್ನೂ ಇಡಿ. ಸಾದಾ ಹುಳ ನೆಟ್ಟಗೆ ಹರೀತಾವೆ. ಇವು ಬಲಕ್ಕೆ ಸುತ್ತುತಾವೆ. ಆ ಗುರುತನ್ನ ಕಾಮಾಲೆ ಆಗೋ ಮೊದಲು ನಾನು ಹಾಕಿದ್ದು. ಈ ವಿಷಯ ಅವನ ಪ್ರಬಂಧದಲ್ಲಿ ಇಲ್ಲ. ಯಾಕಂದ್ರೆ ಅವನಿಗೆ ಗೊತ್ತಿಲ್ಲ. ಅವನ ಕೈಯಲ್ಲೇ ಹುಟ್ಟಿದ್ದಾದ್ರೆ ಏನಾಗ್ತದೆ ಅಂತ ಅವನೇ ಈಗ ಹೇಳ್ಲಿ.”

ಪ್ರೊಫೆಸರು ಅವನ ಕಡೆ ತಿರುಗಿದರು. “ಏನ್ ಪ್ರಕಾಶ? ಬೆಚ್ಚಗ ಇಟ್ರ ಏನಾಗ್ತದ?”

“ಏನೂ... ಏನೂ ಆಗಲ್ಲ ಸರ್. ಇವಳು ಹೊಟ್ಟೆಕಿಚ್ಚಿಗೆ...”

“ಏನೂ ಆಗಲ್ಲ. ಹೌದಲ್ಲೋ? ನೆನಪಿಟ್ಟುಕೊಳ್ತೀನಿ” ಎಂದು ಪ್ರೊಫೆಸರು ನನ್ನ ಮುಂದೆ ಕೈ ಚಾಚಿದರು. ತಟ್ಟೆಯನ್ನು ಅವರ ಕೈಗೆ ಮಾತ್ರ ಕೊಟ್ಟೆ. ಸಭೆಯಲ್ಲಿ ಯಾರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಕಳವು ಎಂದರೇನು ಎಂದು ಎಲ್ಲರಿಗೂ ಗೊತ್ತು. ರಾಜೇಶ್ವರಮ್ಮ ಎದ್ದು ನಿಂತು, “ಆರತಿ ಮಾಡ್ತೀನಿ ಅಂತ ಬಂದು ಹೀಗಾ ಮಾಡೋದು, ಮನೆಹಾಳಿ!” ಎಂದು ಕಿರುಚಿದರು.

“ಆರತೀನೂ ಮಾಡೀನಲ್ರೀ” ಎಂದೆ.

ಬೆಚ್ಚಗಿಡಲು ಜಾಗ ಎಲ್ಲಿ? ಶಿಕಾರಿಪುರದ ಪ್ರವಾಸಿ ಮಂದಿರದಲ್ಲಿ ಪ್ರೊಫೆಸರು ಇಳಿದಿದ್ದ ಕೋಣೆ ಚಳಿಗೆ ಕೊರೆಯುತ್ತಿತ್ತು. ಕೊನೆಗೆ ಪ್ರೊಫೆಸರು ತಾವೇ ನಮ್ಮ ಗಿರಣಿಗೆ ಬಂದು, ಹಿಟ್ಟು ಬೀಳುವ ಡಬ್ಬದ ಸುತ್ತ ಕೈ ಆಡಿಸಿ, ಅಲ್ಲಲ್ಲಿ ಉಷ್ಣಮಾಪಕ ಇಟ್ಟು ನೋಡಿ, ಗೋಡೆಗೂಡನ್ನು ಆರಿಸಿದರು. ಎರಡು ತಟ್ಟೆಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡರು. “ನಿಮ್ಮನ್ನೂ ನಂಬಂಗಿಲ್ಲ, ಅವನನ್ನೂ ನಂಬಂಗಿಲ್ಲ” ಎಂದರು. ಆ ಮಾತಿಗೆ ನನಗೆ ಅವರ ಮೇಲೆ ಮೊದಲ ಸಲ ಗೌರವ ಬಂತು.

ಬಳ್ಳಿಗಾವಿ ನೋಡಿ, ಅಂಜನಾಪುರದ ಕೆರೆ ನೋಡಿ, ದಿನಾ ಎರಡು ಹೊತ್ತು ಬಂದು ಉಷ್ಣಮಾಪಕ ನೋಡಿ ಹೋಗುತ್ತಿದ್ದರು. ನಾನು ಕರೆಂಟು ಇರಲಿ ಬಿಡಲಿ ಆ ಗೂಡಿನ ಕಡೆ ಯಾರನ್ನೂ ಬಿಡಲಿಲ್ಲ. ಕರೆಂಟು ಹೋಗಿ ಗಿರಣಿ ತಣ್ಣಗಾದಾಗ ಹಿಂದಿನ ಒಲೆಯಲ್ಲಿ ನೀರು ಕಾಯಿಸಿ ಚರಿಗೆಯಲ್ಲಿ ತುಂಬಿ ಪಕ್ಕಕ್ಕಿಟ್ಟೆ. ಗಿರಣಿಯಲ್ಲಿ ಕೆಲಸ ಮಾಡುವ ಮಾರಪ್ಪ, “ಬಾಣಂತಿ ಮಾಡಿದಂಗೆ ಮಾಡ್ತೀಯಲ್ಲವ್ವ” ಎಂದು ನಕ್ಕ. ವಾಣಿ ಮಾತ್ರ ಊಟ ಬಿಟ್ಟಿದ್ದಳು. “ಆ ಗುರುತಿನ ಮಣಿ ಕಳಚಿಕೊಂಡಿದ್ರೆ ಅಕ್ಕ? ಸಾವಿರಕ್ಕೊಂದು ಕಳಚ್ತದ” ಎಂದಳು ಒಮ್ಮೆ. ಕಳಚಿದ್ದರೆ ಕಳ್ಳಿ ಎಂಬ ಹೆಸರು ಅವಳಿಗೇ ಕಾಯಂ. ಅವಳು ಮತ್ತೆ ಯಾವ ಪ್ರಯೋಗಾಲಯದ ಮೆಟ್ಟಿಲೂ ಹತ್ತುವಂತಿರಲಿಲ್ಲ.

ಬುಧವಾರ ಪ್ರೊಫೆಸರು ಕಾಲೇಜಿನಿಂದ ಸೂಕ್ಷ್ಮದರ್ಶಕ ತರಿಸಿದರು. ಕರೆಂಟಿರಲಿಲ್ಲ. ಬಾಗಿಲ ಹತ್ತಿರ ಹಿಟ್ಟಿನ ಮೇಜಿನ ಮೇಲೆ ಅದನ್ನಿಟ್ಟು, ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರು. ಗುರುಪ್ರಕಾಶನಿಗೂ ಬರಲು ಹೇಳಿ ಕಳಿಸಿದ್ದರು. ಬಂದಿರಲಿಲ್ಲ.

ಮೊದಲು ಸಾದಾ ಹುಳದ ತಟ್ಟೆ. ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಇನ್ನೊಂದು. ಬಗ್ಗಿದವರು ಏಳಲೇ ಇಲ್ಲ. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ವಾಣಿ ಗೋಡೆಗೆ ಆತು ನಿಂತಿದ್ದಳು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ನೋಡಿದೆ: ಅವರ ಕಣ್ಣು ಕೊಳವೆಯಲ್ಲೇ ಇದ್ದು, ತೋರುಬೆರಳು ಮಾತ್ರ ಮೇಜಿನ ಮೇಲಿನ ಹಿಟ್ಟಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಬಲಕ್ಕೆ. ಒಂದರ ಮೇಲೊಂದು ಉಂಗುರ.

ಎದ್ದು ಕನ್ನಡಕ ಹಾಕಿಕೊಂಡರು. “ಗುರುತು ಹಾಕಿದ್ದನ್ನ ಬರದು ಯಾಕ ಇಡಲಿಲ್ಲ? ನೀ ಹೇಳಿದ್ರ ನಾ ಆವತ್ತ...”

“ಆವತ್ತು ನೀವು ಅವನನ್ನ ನಂಬಿದ್ರಿ ಸರ್” ಎಂದಳು ವಾಣಿ. “ಬೂಷ್ಟು ಹಿಡಿದ ತಟ್ಟೆ ತೋರಿಸು ಅಂತ ಕೂಡ ಕೇಳಲಿಲ್ಲ.”

ಅವರು ಬೆರಳಿಗಂಟಿದ ಹಿಟ್ಟು ಒರೆಸಿಕೊಂಡರು. ಪ್ರಬಂಧ ಹಿಂದಕ್ಕೆ ತರಿಸುತ್ತೇನೆ, ನಿನ್ನ ಹೆಸರಲ್ಲಿ ಮತ್ತೆ ಅಚ್ಚಾಗುತ್ತದೆ, ಸಂಕ್ರಾಂತಿ ಕಳೆದು ಕೆಲಸಕ್ಕೆ ಬಾ ಎಂದರು. ವಾಣಿ ಆಗ ಅತ್ತಳು. ನನಗೆ ಅಳು ಬರಲಿಲ್ಲ. ಗೂಟದ ಕೆಲಸ ಇನ್ನೂ ಬಾಕಿ ಇತ್ತು.

ಅದು ತಾನಾಗಿಯೇ ಬಂತು. ಎರಡು ದಿನ ಬಿಟ್ಟು ರಾಜೇಶ್ವರಮ್ಮ ಬಂದರು, ಸೆರಗು ತಲೆ ಮೇಲೆ ಎಳೆದುಕೊಂಡು. ಪ್ರೊಫೆಸರು ಹೊರಡುವುದನ್ನು ಮುಂದೂಡಿ ಪ್ರವಾಸಿ ಮಂದಿರದಲ್ಲೇ ಇದ್ದರು. ಗುರುಪ್ರಕಾಶ ಬೇರೆಲ್ಲೂ ಕೆಲಸ ಮಾಡದಂತೆ ಎಲ್ಲ ಪ್ರಯೋಗಾಲಯಗಳಿಗೂ ತಿಳಿಸುವುದೋ, ಇಲ್ಲಿಂದ ತೆಗೆದು ಸುಮ್ಮನಾಗುವುದೋ ಎಂಬುದನ್ನು ಅವರು ವಾಣಿಗೆ ಬಿಟ್ಟಿದ್ದರು.

“ನೀಲಾಂಬಿಕಾ, ನಿಮ್ಮ ಕಾಲು ಹಿಡೀತೀನಿ. ಅವನಿಗೆ ಎಲ್ಲಾದ್ರೂ ಒಂದು ಮೇಷ್ಟ್ರ ಕೆಲಸನಾದ್ರೂ ಉಳೀಲಿ. ಎಂಥ ಮಾಡ್ಬೇಕು ಹೇಳಿ, ಮಾಡಿಸ್ತೀನಿ.”

ವಾಣಿ ನನ್ನ ಕಡೆ ನೋಡಿದಳು. “ಅದು ಅಕ್ಕನ ಲೆಕ್ಕ” ಎಂದಳು.

“ಕಾಲು ಬ್ಯಾಡ್ರೀ” ಎಂದೆ. “ಅವನ ಹತ್ರ ಇನ್ನೂ ಒಂದು ತಟ್ಟೆ ಉಳಿದೈತಿ ಅಂತ ವಾಣಿ ಹೇಳ್ತಾಳೆ. ಥರ್ಮಾಸಿನಾಗೆ ಮೂರು ತಂದಿದ್ನಂತೆ. ಅದನ್ನ ಅವನೇ ತರಬೇಕು. ಸೊರಬದಿಂದ ಬಸ್ಸಿನಾಗೆ, ಕೈಯಾಗೆ ಹಿಡಕೊಂಡು, ಚೀಲದಾಗೆ ಮುಚ್ಚಿಟ್ಟು ಅಲ್ಲ. ಸಂತಿ ದಿನ ಬಂದು, ಯಾರ ಹುಳ ಅಂತ ಹೇಳಿ ಇಟ್ಟು ಹೋದ್ರೆ, ಎಲ್ಲಿಗೂ ಕಾಗದ ಹೋಗಂಗಿಲ್ಲ.”

ಅವನು ಬಂದ. ಸಂತೆಯ ದಿನ ನಮ್ಮ ಗಿರಣಿಯ ಮುಂದೆ ಸಾಲು ರಸ್ತೆಯವರೆಗೂ ಇರುತ್ತದೆ. ಹೆಂಗಸರು ಡಬ್ಬ, ಬುಟ್ಟಿ, ಚೀಲ ಇಟ್ಟುಕೊಂಡು ಹರಟುತ್ತಿದ್ದರು. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಒಳಗೆ ಬರಲು ನೋಡಿದ.

“ಏಯ್, ಸರದಿ ಐತಿ! ಹಿಂದೆ ನಿಲ್ಲು” ಎಂದೆ.

ಹೋಗಿ ನಿಂತ. ಬಿಸಿಲು ಏರುತ್ತಿತ್ತು. ಅವನ ಮುಂದಿದ್ದ ಬಂಗಾರಮ್ಮ ತಿರುಗಿ ತಟ್ಟೆಯನ್ನು ನೋಡಿದಳು. “ಇಷ್ಟೇನಪ್ಪಾ? ಏನು ಬೀಸಸಕ್ಕೆ ತಂದಿ? ಸಾಸಿವೀನಾ?” ಹೆಂಗಸರೆಲ್ಲ ನಕ್ಕರು. ಅವನು ನೆಲ ನೋಡಿದ. ನಾನು ಒಂದೊಂದು ಡಬ್ಬವನ್ನೂ ನಿಧಾನವಾಗಿ ಬೀಸಿದೆ. ಕಲ್ಲು ಬಿಚ್ಚಿ ಒಮ್ಮೆ ಹಿಟ್ಟು ಕೊಡವಿದೆ. ಅದರ ಅವಶ್ಯಕತೆ ಇರಲಿಲ್ಲ.

ಕೊನೆಗೆ ಅವನು ನನ್ನ ಮುಂದೆ ಬಂದ. ವಾಣಿ ಜರಡಿ ಬಿಟ್ಟು ಎದ್ದು ನಿಂತಳು. ಮೋಟಾರು ಓಡುತ್ತಿತ್ತು.

ಅವನ ತುಟಿ ಅಲ್ಲಾಡಿತು.

“ಕೇಳಸಂಗಿಲ್ಲ!” ಎಂದೆ.

ಇನ್ನೊಮ್ಮೆ ಹೇಳಿದ. ನಾನು ಕಿವಿಗೆ ಕೈ ಇಟ್ಟು ತಲೆಯಾಡಿಸಿದೆ. “ಮೋಟಾರು ಓಡ್ತೈತಿ ತಮ್ಮಾ. ಸೊರಬದಾಗೆ ಮೈಕಿತ್ತು. ಇಲ್ಲಿಲ್ಲ. ಗಟ್ಟಿಯಾಗಿ ಹೇಳಬೇಕು!”

ಅವನ ಕುತ್ತಿಗೆಯ ನರ ಉಬ್ಬಿತು. ಕಣ್ಣಲ್ಲಿ ನೀರಿತ್ತು. ಅವನು ಉಸಿರು ಎಳೆದುಕೊಂಡು ಬಾಯಿ ತೆರೆದ ಗಳಿಗೆಗೆ ಸರಿಯಾಗಿ ನಾನು ಸ್ವಿಚ್ಚು ಆರಿಸಿದೆ.

“ಈ ಹುಳ ವಾಣೀದು! ನಾನು ಕದ್ದಿದ್ದೆ!”

ನಿಂತ ಗಿರಣಿಯಿಂದ ಆ ಕೂಗು ಬೀದಿಗೆ ಬಿತ್ತು. ಎದುರಿನ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನು ತಕ್ಕಡಿ ಹಿಡಿದಂತೆಯೇ ತಿರುಗಿದ. ಸಾಲಿನಲ್ಲಿ ಯಾರೂ ನಗಲಿಲ್ಲ.

ಅವನು ಗೋಡೆಗೂಡಿನವರೆಗೆ ನಡೆದು, ಪ್ರೊಫೆಸರು ಬಿಟ್ಟುಹೋಗಿದ್ದ ತಗಡಿನ ಪೆಟ್ಟಿಗೆಯಲ್ಲಿ ತಟ್ಟೆಯನ್ನು ತಾನೇ ಇಟ್ಟು ಮುಚ್ಚಿದ. ವಾಣಿ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಅವನು ಹಿಟ್ಟು ಮೆತ್ತಿದ ಬಾಗಿಲು ದಾಟಿ, ಸಾಲಿನ ಪಕ್ಕದಲ್ಲಿ, ಬಂದ ದಾರಿಯಲ್ಲೇ ಹೋದ.

ಬಂಗಾರಮ್ಮ ಅವನು ತಿರುವು ದಾಟುವವರೆಗೂ ನೋಡಿ, “ಪಾಪ, ನೀಲಕ್ಕ” ಎಂದಳು.

“ಪಾಪ ಅನ್ನೋದಾದ್ರೆ ನಿನ್ನ ಜೋಳ ಬೇರೆ ಕಡೆ ಬೀಸಿಸ್ಕೋ” ಎಂದು ಹೇಳಿ, ಸ್ವಿಚ್ಚು ಹಾಕಿ, ಮುಂದಿನ ಡಬ್ಬಕ್ಕೆ ಕೈ ಚಾಚಿದೆ.